ಆರಿದ ಒಲೆ, ಆರದ ಬೂಟು

ಜುಲೈ ತಿಂಗಳಲ್ಲಿ ಬೆಂಗಳೂರಿನಿಂದ ಊರಿಗೆ ಬೈಕಿನಲ್ಲಿ ಹೋಗುತ್ತೇನೆ ಅಂದಾಗ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಒಬ್ಳೇನಾ?" ಊರು ತಲುಪಿದಾಗ ಅಕ್ಕಪಕ್ಕದವರೆಲ್ಲ ಕೇಳಿದ್ದೂ ಒಂದೇ: "ಬಸ್ಸಿರ್ಲಿಲ್ಯಾ?" ಬೂಟು ಒದ್ದೆಯಾದರೆ ಏನು ಮಾಡುತ್ತೀ ಅಂತ ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಪಕ್ಕದಲ್ಲೇ ವಾಟರ್‌ಪ್ರೂಫ್ ಅಂತ ಅಚ್ಚೊತ್ತಿದ್ದ, ನನ್ನ ಒಂದು ತಿಂಗಳ ಬಾಡಿಗೆಯ ಅರ್ಧದಷ್ಟು ಬೆಲೆಯ ಚರ್ಮದ ಬೂಟು ಅದು. ಒದ್ದೆಯಾಗುತ್ತದೆ ಅಂತ ಯಾಕಾದರೂ ಯೋಚಿಸಬೇಕು?

ನಮ್ಮ ಮನೆ ಬೈಂದೂರು ತಾಲೂಕಿನ ನಾವುಂದದ ಹತ್ತಿರ. ಶುಕ್ರವಾರ ಬೆಳಗಿನ ಜಾವ ಹೊರಟು, ಶಿವಮೊಗ್ಗ ದಾಟಿ, ತೀರ್ಥಹಳ್ಳಿಯಲ್ಲಿ ಒಂದು ಬನ್ಸ್ ತಿಂದು, ಆಗುಂಬೆ ಘಾಟಿ ಇಳಿದು, ಹೆಬ್ರಿ ಮೇಲಿಂದ ಬ್ರಹ್ಮಾವರಕ್ಕೆ ಬಂದು ಅಲ್ಲಿಂದ ಹೈವೇ ಹಿಡಿಯುವುದು ನನ್ನ ಪ್ಲಾನು. ಇದು ಸುತ್ತಿನ ದಾರಿ, ಗೊತ್ತು. ಆದರೆ ಬ್ರಹ್ಮಾವರದಲ್ಲಿ ಚಿಕ್ಕಮ್ಮನ ಮನೆಯಿದೆ, ಮೇ ತಿಂಗಳಲ್ಲಿ ಅವಳು ಮಾಡಿಟ್ಟ ಹಲಸಿನ ಹಪ್ಪಳ ಇದೆ. ಭಾನುವಾರ ಬೆಳಿಗ್ಗೆ ಐದಕ್ಕೆ ವಾಪಸ್ ಹೊರಡಬೇಕು, ಸೋಮವಾರ ಹತ್ತೂವರೆಗೆ ಒಂದು ಮೀಟಿಂಗು. ಎಲ್ಲ ಲೆಕ್ಕ ಹಾಕಿಯಾಗಿತ್ತು.

ಆಗುಂಬೆಯ 14 ತಿರುವುಗಳಲ್ಲಿ ಎಷ್ಟನೆಯದರಲ್ಲಿ ನೀರು ಒಳಗೆ ಬಂತೋ ಗೊತ್ತಿಲ್ಲ. ಸೋಮೇಶ್ವರಕ್ಕೆ ಇಳಿಯುವಷ್ಟರಲ್ಲಿ ಗೇರ್ ಹಾಕಿದಾಗಲೆಲ್ಲ ಎಡಗಾಲಿನ ಬೆರಳ ಸಂದಿಯಲ್ಲಿ ಪಚಕ್ ಅನ್ನುತ್ತಿತ್ತು. ಬೂಟಿನ ಕಂಪನಿಯವರನ್ನು ಹೆಬ್ರಿಯವರೆಗೂ ಬೈದುಕೊಂಡೇ ಬಂದೆ. ತಪ್ಪು ಅವರದ್ದಲ್ಲ, ನನ್ನದೇ. ರೈನ್ ಪ್ಯಾಂಟಿನ ಕಾಲನ್ನು ಸಿನಿಮಾದ ಇನ್‌ಸ್ಪೆಕ್ಟರ್ ಥರ ಬೂಟಿನ ಒಳಗೆ ತುರುಕಿದ್ದೆ. ಹೊಟ್ಟೆ, ತೊಡೆ, ಮೊಣಕಾಲಿನ ಮೇಲೆ ಬಿದ್ದ ಮಳೆಯೆಲ್ಲ ಹಂಚಿನ ಮಾಡಿನಿಂದ ಅಡಿಕೆ ದಂಬೆಗೆ ಇಳಿಯುವ ಹಾಗೆ ಸೀದಾ ಬೂಟಿಗೆ ಇಳಿದಿತ್ತು. ವಾಟರ್‌ಪ್ರೂಫ್ ಅನ್ನುವುದರ ಇನ್ನೊಂದು ಅರ್ಥ ಅವತ್ತು ತಿಳಿಯಿತು ಮಾರಾಯ್ರೆ: ಹೊರಗಿನ ನೀರನ್ನು ಒಳಗೆ ಬಿಡದ ಬೂಟು ಒಳಗೆ ಬಂದ ನೀರನ್ನು ಹೊರಗೂ ಬಿಡುವುದಿಲ್ಲ. ಅದು ಬಕೆಟ್ಟು.

ಚಿಕ್ಕಮ್ಮ ನನ್ನ ಕಾಲು ಕಂಡು, "ಎಂತ, ಬಾಣಂತಿ ಕೋಣಿಯಂಗ್ ತಿಂಗ್ಳ್ ಗಟ್ಲೆ ನೀರ್ ಮಿಂದ್ ಬಂದವರ್ ಕಾಲ್ ಆದಾಂಗ್ ಆಯ್ತಲೆ" ಅಂದಳು. ತನ್ನ ಮಗನ ಒಣ ಸಾಕ್ಸ್ ಕೊಟ್ಟಳು. ಒದ್ದೆ ಬೂಟಿಗೆ ಒಣ ಸಾಕ್ಸ್ ಹಾಕಿದರೆ ಆ ಸುಖ ಸುಮಾರು ಹತ್ತು ನಿಮಿಷ. ಮಾಬುಕಳ ಸೇತುವೆ ದಾಟುವಾಗ ಮುಗಿದಿತ್ತು. ಆಮೇಲೆ ಸಾಲಿಗ್ರಾಮ, ಕೋಟ, ಕುಂದಾಪುರ, ಹೆಮ್ಮಾಡಿ. ಮರವಂತೆಯಲ್ಲಿ ಎಡಕ್ಕೆ ಸಮುದ್ರ ಕಲ್ಲಿನ ಮೇಲೆ ಹಾರುತ್ತಿತ್ತು, ಬಲಕ್ಕೆ ಸೌಪರ್ಣಿಕೆ ಕೆಂಪಗೆ ತುಂಬಿತ್ತು, ನಡುವಿನ ರಸ್ತೆಯಲ್ಲಿ ನಾನು ನನ್ನದೇ ಎರಡು ಕೆರೆಗಳನ್ನು ಕಾಲಿಗೆ ಕಟ್ಟಿಕೊಂಡು ಹೋಗುತ್ತಿದ್ದೆ.

ಮನೆಯ ಮೆಟ್ಟಿಲ ಹತ್ತಿರ ಬೂಟು ಬೋರಲು ಮಾಡಿದಾಗ ಒಂದೊಂದರಿಂದ ಒಂದು ಲೋಟ ನೀರು ಬಿತ್ತು. ಅಮ್ಮ ಬೂಟು ನೋಡಲಿಲ್ಲ, ನನ್ನ ಮುಖ ನೋಡಿದಳು. "ಬಸ್ಸಂಗ್ ಬಪ್ಪುಕ್ ಎಂತ ಆತಿತ್ತ್ ನಿಂಗೆ?"

ಬೂಟನ್ನು ಚಾವಡಿಗೆ ತಂದು ಫ್ಯಾನಿನ ಕೆಳಗೆ ಇಡುವ ನನ್ನ ಮೊದಲ ಪ್ರಯತ್ನ ಅಲ್ಲೇ ಮುಗಿಯಿತು. ಕಾಲಿಗೆ ಹಾಕಿದ್ದು ಹೊಸ್ತಿಲು ದಾಟುವಂತಿಲ್ಲ. ಸರಿ, ಜಗಲಿಗೆ ಟೇಬಲ್ ಫ್ಯಾನ್ ಎಳೆದು ತಂದೆ. ಮೊಬೈಲಿನಲ್ಲಿ ಹುಡುಕಿದರೆ ಉಪಾಯಕ್ಕೇನು ಬರವಿಲ್ಲ. ಒಳಗಿನ ಮೆತ್ತೆ ತೆಗೆಯಿರಿ, ಲೇಸು ಪೂರ್ತಿ ಸಡಿಲಿಸಿ, ಪೇಪರ್ ತುರುಕಿ, ಹೇರ್ ಡ್ರೈಯರ್ ಹಿಡಿಯಿರಿ, ಅಕ್ಕಿಯಲ್ಲಿ ಹೂತಿಡಿ. ಅಮೆರಿಕದ ಕೌಬಾಯ್‌ಗಳು ಬೂಟಿಗೆ ಓಟ್ಸ್ ತುಂಬಿಡುತ್ತಿದ್ದರಂತೆ. ಕುಚ್ಚಲಕ್ಕಿ ಡಬ್ಬಕ್ಕೆ ಬೂಟು ಹಾಕುತ್ತೇನೆ ಅಂತ ನಮ್ಮನೆಯಲ್ಲಿ ಹೇಳಿ ನೋಡಬೇಕು ನೀವು. ಹೇರ್ ಡ್ರೈಯರನ್ನು ಹತ್ತಿರದಿಂದ ಹಿಡಿದರೆ ಒದ್ದೆ ಚರ್ಮ ಮುದುಡಿ ಗಟ್ಟಿಯಾಗುತ್ತದೆ, ಅಡಿಯ ಗೋಂದು ಮೆತ್ತಗಾಗಿ ಸೋಲು ಬಾಯಿ ಬಿಡುತ್ತದೆ. ಚರ್ಮ ಅಂದರೆ ಚರ್ಮವೇ ತಾನೆ? ಬಿಸಿ ಎಣ್ಣೆಗೆ ಬಿದ್ದ ಸಂಡಿಗೆ ಉಬ್ಬುತ್ತದೆ, ಬಿಸಿಗೆ ಸಿಕ್ಕ ಒದ್ದೆ ಚರ್ಮ ಅದಕ್ಕೆ ಉಲ್ಟಾ.

ಅಂತೂ ಉದಯವಾಣಿಯ ನಾಲ್ಕು ದಿನದ ಸಂಚಿಕೆಗಳನ್ನು ಉಂಡೆ ಮಾಡಿ, ಇನ್ನು ಜಾಗವಿಲ್ಲ ಅನ್ನುವಷ್ಟು ಗಿಡಿದು, ಫ್ಯಾನ್ ಹಾಕಿದೆ. ಮೂರು ನಿಮಿಷಕ್ಕೆ ಹೊರಗೆಲ್ಲೋ 'ಟಪ್' ಅಂತು. ಕರೆಂಟ್ ಹೋಯಿತು.

ಕತ್ತಲಲ್ಲಿ ಅಪ್ಪಯ್ಯನ ಸ್ವರ: "ಇದ್ ಫ್ಯೂಸಲ್ಲ. ಲೈನ್ ಮೇಲ್ ಮರ ಬಿದ್ದದ್ದ್. ಬೆಳಿಗ್ಗೆ ವರಿಗ್ ಕಾಯುದೇ ಬ್ಯಾಡ."

ಅಪ್ಪಯ್ಯ ಲೈನ್‌ಮನ್ ಆಗಿದ್ದವರು. ರಿಟೈರಾಗಿ ಆರು ವರ್ಷ. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಮೆಸ್ಕಾಂ ಬಂತು, ಊರಿಗೆ ಮಾತ್ರ ಅವರು ಇವತ್ತಿಗೂ 'ಕೆಇಬಿಯವ್ರು'. ಸದ್ದು ಕೇಳಿಯೇ ಯಾವ ಟ್ರಾನ್ಸ್‌ಫಾರ್ಮರು, ಎಂತ ಕಾಯಿಲೆ ಅಂತ ಹೇಳುತ್ತಾರೆ. ಅವರ ಸರ್ವೀಸಿನ ಅಷ್ಟೂ ಮಳೆಗಾಲ ನಮ್ಮ ಮನೆಯ ಕರೆಂಟು ಹೋದರೆ ಅಪ್ಪಯ್ಯ ಮನೆಯಲ್ಲಿ ಇರುತ್ತಿರಲಿಲ್ಲ. ಕತ್ತಲೆ ಮತ್ತು ಅಪ್ಪಯ್ಯ ಇಬ್ಬರೂ ಒಟ್ಟಿಗೆ ಮನೆಯಲ್ಲಿ ಇರುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

"ನಿಮ್ಗೆ ಗೊತ್ತಿರ್ತಲೆ ಅಪ್ಪಯ್ಯ, ಬೂಟ್ ಬೇಗ ಒಣಗ್ಸುದ್ ಹೇಂಗೆ?" ಅಂದೆ. ಮೂವತ್ತು ಮಳೆಗಾಲ ಗಮ್ ಬೂಟಿನಲ್ಲಿ ಕಳೆದವರು, ಅವರಿಗಲ್ಲದೆ ಯಾರಿಗೆ ಗೊತ್ತಿರಬೇಕು.

ಸ್ವಲ್ಪ ಹೊತ್ತು ಯೋಚಿಸಿ, "ನಾನೆಲ್ಲಿ ಒಣಗ್ಸಿದ್ದೆ ಮಗಾ? ರಾತ್ರಿ ತೆಗ್ದಿಟ್ರೆ ಬೆಳಿಗ್ಗೆ ಒಣಗ್ಕಂಡ್ ಇರ್ತಿತ್ತ್" ಅಂದರು. ಬೂಟಿನ ಗುಣವೇ ಅದು ಅನ್ನುವ ಹಾಗೆ.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಬೂಟಿನೊಳಗಿನ ಪೇಪರ್ ರುಬ್ಬಿದ ಹಿಟ್ಟಾಗಿತ್ತು. ಬೂಟು ನಿನ್ನೆಯಷ್ಟೇ ಭಾರ, ಜೊತೆಗೆ ಒಂದು ವಾಸನೆ. ಗಿಡಿದು ತುಂಬಿದ್ದೇ ನನ್ನ ಎರಡನೇ ತಪ್ಪು. ಪೇಪರ್ ನೀರು ಹೀರುತ್ತದೆ ನಿಜ, ಆದರೆ ಹೀರಿ ಹೊಟ್ಟೆ ತುಂಬಿದ ಮೇಲೆ ಅದೇ ಒದ್ದೆ ಬಟ್ಟೆಯಾಗಿ ಒಳಗೆ ಕೂರುತ್ತದೆ. ಸಡಿಲವಾಗಿ ತುಂಬಬೇಕು, ಮೊದಲೆರಡು ಸಲ ಅರ್ಧ ಗಂಟೆಗೊಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ ಬದಲಿಸಬೇಕು. ತುರುಕಿ ಮಲಗುವುದಲ್ಲ.

ಅದಕ್ಕಿಂತ ದೊಡ್ಡ ತೊಂದರೆ ನಮ್ಮೂರಿನ ಗಾಳಿಯದ್ದು. ಬೆಂಗಳೂರಿನಲ್ಲಿ ಫ್ಯಾನ್ ಹಾಕಿದರೆ ಬಟ್ಟೆ ಒಣಗುತ್ತದೆ, ಯಾಕೆಂದರೆ ಅಲ್ಲಿನ ಗಾಳಿಗೆ ಇನ್ನೂ ನೀರು ಕುಡಿಯುವಷ್ಟು ಬಾಯಾರಿಕೆ ಉಳಿದಿರುತ್ತದೆ. ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯ ಆಸಾಡಿಯಲ್ಲಿ ಗಾಳಿ ಕಂಠಪೂರ್ತಿ ಕುಡಿದಿರುತ್ತದೆ. ಅಂಥ ಗಾಳಿಯನ್ನು ಫ್ಯಾನಿನಿಂದ ಬೀಸಿದರೆ ಒದ್ದೆಯನ್ನು ಒದ್ದೆಯಿಂದ ಒರೆಸಿದ ಹಾಗೆ. ಆದರೆ ಅದೇ ಗಾಳಿಯನ್ನು ತುಸು ಬಿಸಿ ಮಾಡಿ ನೋಡಿ. 25 ಡಿಗ್ರಿಯಲ್ಲಿ 90 ಶೇಕಡಾ ಆರ್ದ್ರತೆ ಇರುವ ಗಾಳಿ 35 ಡಿಗ್ರಿಗೆ ಏರಿದರೆ ಆರ್ದ್ರತೆ ಸುಮಾರು 50 ಶೇಕಡಾಕ್ಕೆ ಇಳಿಯುತ್ತದೆ. ನೀರು ಅಷ್ಟೇ ಇದೆ, ಗಾಳಿಯ ಹೊಟ್ಟೆ ದೊಡ್ಡದಾಗುತ್ತದೆ. ಬೇಕಾದದ್ದು ಸುಡುವ ಬಿಸಿಯಲ್ಲ. ಹತ್ತೇ ಡಿಗ್ರಿ ಹೆಚ್ಚು, ಅದೂ ಗಂಟೆಗಟ್ಟಲೆ, ಜೊತೆಗೆ ಗಾಳಿ ಒಳಗೆ ಬಂದು ಹೊರಗೆ ಹೋಗಲು ದಾರಿ.

ಇದನ್ನೆಲ್ಲ ನಾನು ಅಮ್ಮನಿಗೆ ವಿವರಿಸುತ್ತಿದ್ದೆ. ಅವಳು ಕಾಯಿ ತುರಿಯುತ್ತ ಕೇಳುತ್ತಿದ್ದಳು. ಕೊನೆಗೆ, "ಹಂಡಿ ಒಲಿ ಹತ್ರ ಇಡ್ಕ್ ಅಂದ್ ಹೇಳುಕೆ ಇಷ್ಟ್ ಕತಿ ಎಂತಕ್ಕೆ?" ಅಂದಳು.

ನಮ್ಮ ಬಚ್ಚಲುಮನೆ ಮನೆಯಿಂದ ನಾಲ್ಕು ಹೆಜ್ಜೆ ಹೊರಗೆ, ಕೆಂಪುಕಲ್ಲಿನ ಗೋಡೆ, ಮೇಲೆ ಹಂಚು. ಮೂಲೆಯಲ್ಲಿ ಮಣ್ಣಿನ ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆ. ನಾನು ಚಿಕ್ಕವಳಿದ್ದಾಗ ಆ ಒಲೆ ಮಳೆಗಾಲದಲ್ಲಿ ಆರಿದ್ದೇ ಇಲ್ಲ. ಬೆಳಿಗ್ಗೆ ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ ಹಾಕಿ ಉರಿ ಮಾಡಿದರೆ ಮಧ್ಯಾಹ್ನದವರೆಗೆ ಕೆಂಡ, ಸಂಜೆ ಮತ್ತೆ ಉರಿ. ಶಾಲೆಯ ಯೂನಿಫಾರ್ಮು, ಮಗುವಿನ ಬಟ್ಟೆ, ಒದ್ದೆಯಾದ ಪುಸ್ತಕ, ಒಮ್ಮೆ ನೆನೆದು ಮುದ್ದೆಯಾದ ರೇಷನ್ ಕಾರ್ಡು, ಎಲ್ಲ ಒಣಗುತ್ತಿದ್ದದ್ದು ಅದರ ಸುತ್ತ. ಈಗ ಹಂಡೆಯೊಳಗೆ ಖಾಲಿ ಪೈಂಟ್ ಡಬ್ಬ, ಒಂದು ಹಿಡಿಯಿಲ್ಲದ ಕತ್ತಿ, ಸುತ್ತಿಟ್ಟ ನೈಲಾನ್ ಹಗ್ಗ. ಅದರ ನೇರ ಮೇಲೆ ಗೋಡೆಯಲ್ಲಿ ಬೆಳ್ಳಗೆ ಹೊಳೆಯುವ ಗೀಸರು. ಮೂರು ವರ್ಷದ ಹಿಂದೆ ಬೋನಸ್ ಬಂದಾಗ ನಾನೇ ಕೊಡಿಸಿದ್ದು. ಹೊಗೆಗೆ ಅಮ್ಮನ ಕಣ್ಣು ಸದಾ ಕೆಂಪು, ಮಳೆಗಾಲವಿಡೀ ಕೆಮ್ಮು. ಒದ್ದೆ ಕಟ್ಟಿಗೆ ಊದಿ ಊದಿ ಸಾಕಾಗಿತ್ತು ಅವಳಿಗೆ. ಗೀಸರ್ ಬಂದ ದಿನ ಸ್ವಿಚ್ ಹಾಕಿ ಬಿಸಿನೀರು ಬಂದಾಗ ಅವಳು ನಕ್ಕದ್ದು ನನಗೆ ನೆನಪಿದೆ. ಅದನ್ನು ತಪ್ಪು ಅಂತ ಈಗಲೂ ನಾನು ಹೇಳುವುದಿಲ್ಲ.

ಹಂಡೆ ಖಾಲಿ ಮಾಡಿ, ನೀರು ತುಂಬಿ, ಅಮ್ಮ ಒಲೆ ಹಚ್ಚಿದಳು. ಹೊಗೆ ಒಮ್ಮೆ ಇಡೀ ಬಚ್ಚಲು ತುಂಬಿ, ಆಮೇಲೆ ದಾರಿ ನೆನಪಾದಂತೆ ಹಂಚಿನ ಸಂದಿಯಿಂದ ಹೊರಟಿತು. ಹಂಡೆಯ ಪಕ್ಕಕ್ಕೆ ಮೊಣಕಾಲೆತ್ತರದ ಒಂದು ಸಣ್ಣ ಕಟ್ಟೆ. ಅದರ ಮೇಲಿನ ಗೋಡೆಯಲ್ಲಿ ಎರಡು ಗೂಟ. ಅವು ಬಟ್ಟೆ ಹಾಕುವುದಕ್ಕೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಬಟ್ಟೆ ಹಾಕಲು ಅಷ್ಟು ಕೆಳಗೆ ಯಾರು ಗೂಟ ಹೊಡೆಯುತ್ತಾರೆ?

"ಇದ್ ಅಪ್ಪಯ್ಯನ ಬೂಟಿಗೆ" ಅಂದಳು ಅಮ್ಮ. "ಹನ್ನೊಂದ್ ಗಂಟಿಗ್ ಬಂದ್ರೂ ಸೈ, ಎರಡ್ ಗಂಟಿಗ್ ಬಂದ್ರೂ ಸೈ. ಐದ್ ಗಂಟಿಗೆ ಮತ್ತೆ ಹೋಯ್ಕಲೆ ಅವ್ರಿಗೆ."

ಅವಳ ಕ್ರಮ ಹೀಗೆ. ಮೊದಲು ಬೂಟನ್ನು ಹಳೇ ಪಂಚೆಯಿಂದ ಒಳಗೆಲ್ಲ ಒತ್ತಿ ಒರೆಸುವುದು. ಬಟ್ಟೆ ಹಿಂಡಿ ಹಿಂಡಿ ನಾಲ್ಕು ಸಲ. ನಾನು ಇದನ್ನು ಮಾಡಿರಲೇ ಇಲ್ಲ, ಸೀದಾ ಪೇಪರಿಗೆ ಹೋಗಿದ್ದೆ. ಆಮೇಲೆ ಗೂಟಕ್ಕೆ ಬೋರಲಾಗಿ ಅರ್ಧ ಗಂಟೆ. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಕೆಳಗಿಳಿಸಿ ಕಟ್ಟೆಯ ಮೇಲೆ ಮಲಗಿಸುವುದು, ಬಾಯಿ ಒಲೆಯ ಕಡೆಗೆ. ಎಷ್ಟು ದೂರ? "ಬೆಂಕಿ ಹತ್ರ ಇಟ್ರೆ ಸುಟ್ಟ್ ಹೋತ್ತ್, ದೂರ ಇಟ್ರೆ ಒಣಗುದಿಲ್ಲೆ. ಕೈ ಇಟ್ಟ್ ಕಾಣ್." ಅಂಗೈ ಇಟ್ಟು ನೂರು ಎಣಿಸುವವರೆಗೆ ಇಟ್ಟುಕೊಳ್ಳಲು ಆದರೆ ಅದು ಬೂಟಿನ ಜಾಗ. ಆಗದಿದ್ದರೆ ಒಂದು ಗೇಣು ಹಿಂದೆ. ಕೊನೆಯದಾಗಿ, ತುದಿಯಲ್ಲಿ ಬೆರಳು ಕೂರುವ ಜಾಗಕ್ಕೆ ಯಾವ ಬಿಸಿಯೂ ಸುಲಭಕ್ಕೆ ಮುಟ್ಟುವುದಿಲ್ಲವಲ್ಲ, ಅದಕ್ಕೆ ಹೊಯ್ಗೆ. ಬಾಣಲೆಯಲ್ಲಿ ಹುರಿದ ಹೊಯ್ಗೆಯನ್ನು ಹಳೇ ಕಾಲುಚೀಲಕ್ಕೆ ಹಾಕಿ ಗಂಟು ಕಟ್ಟಿ ಬೂಟಿನ ತುದಿಗೆ ನೂಕುವುದು. ಚರ್ಮಕ್ಕೆ ಎಷ್ಟು ಬಿಸಿ ಇರಬೇಕು ಅಂತ ಕೇಳಿದೆ. "ಶಿಶುವಿಗ್ ಶಾಖ ಕೊಡು ಅಷ್ಟ್" ಅಂದಳು. ತಣ್ಣಗಾದ ಹಾಗೆ ಬದಲಿಸುವುದು.

ಅಂದರೆ ಮಧ್ಯರಾತ್ರಿ ಎರಡಕ್ಕೆ ಅಪ್ಪಯ್ಯ ಬಂದು ಉಂಡು ಮಲಗಿದ ಮೇಲೆ ಇವಳು ಮೂರಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು ಹೊಯ್ಗೆ ಬದಲಿಸುತ್ತಿದ್ದಳು. ಅಪ್ಪಯ್ಯನಿಗೆ ಬೂಟು ತಾನಾಗಿ ಒಣಗುತ್ತಿತ್ತು.

ಇಷ್ಟೆಲ್ಲ ಆಗುವಾಗ ಅಪ್ಪಯ್ಯ ಗದ್ದೆಗೆ ಹೋಗಿದ್ದರು. ನಟ್ಟಿಯ ಸಮಯ, ಇರುವುದು ಸಣ್ಣ ತುಂಡು ಗದ್ದೆ, ಆದರೆ ರಿಟೈರಾದ ಮೇಲೆ ಅವರಿಗೆ ಅದೇ ಆಫೀಸು. ಹತ್ತು ಗಂಟೆಗೆ ಬಂದು ಬಾವಿಕಟ್ಟೆಯ ಹತ್ತಿರ ಗಮ್ ಬೂಟು ಬಿಟ್ಟು, ಜಗಲಿಯಲ್ಲಿ ಪೇಪರ್ ಹಿಡಿದು ಕೂತರು. ನಾನು ಬೂಟಿಗೆ ಹರಿಯದೆ ಉಳಿಸಿದ್ದ ಪೇಪರು.

"ಅವ್ರ ಬೂಟೂ ತಕಂಡ್ ಬಾ, ಹೇಂಗೂ ಬೆಂಕಿ ಇತ್ತಲೆ" ಅಂದಳು ಅಮ್ಮ. ತಂದೆ. ಬೋರಲು ಮಾಡಿದೆ. ಕೆಸರು ನೀರು ಬಿತ್ತು, ಒಳಗಿನ ಬಟ್ಟೆಯ ಲೈನಿಂಗು ಕಪ್ಪಗೆ ಬೂಷ್ಟು ಹಿಡಿದಿತ್ತು, ವಾಸನೆಗೆ ಮುಖ ತಿರುಗಿಸಿದೆ. ನೀರಿನ ಜೊತೆ ಒಂದು ಬಟ್ಟೆಯ ಪಟ್ಟಿಯೂ ಬಿತ್ತು. ಪಂಚೆ ಹರಿದು ಮಾಡಿದ್ದು, ಅರಿಶಿನ ಮೆತ್ತಿತ್ತು. ಅರಿಶಿನದ ನಡುವೆ ಬೇರೆ ಬಣ್ಣ.

ಅಮ್ಮ ಅದನ್ನು ಎತ್ತಿ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ ಅಂತ ಅವಳ ಮುಖ ಹೇಳಿತು.

ಜಗಲಿಗೆ ಬಂದು, "ಅಪ್ಪಯ್ಯ, ಕಾಲ್ ತೋರ್ಸಿ" ಅಂದೆ.

"ಎಂತಕ್ಕೆ?" ಅಂದರು, ಎಡಗಾಲನ್ನು ಲುಂಗಿಯ ಒಳಗೆ ಎಳೆದುಕೊಂಡರು. "ಕೆಸರ್‌ಹುಣ್ಣ್ ಮಾರಾಯ್ತಿ. ನಟ್ಟಿ ಟೈಮಲ್ ಯಾರಿಗ್ ಇಲ್ಲೆ? ನೋವೂ ಇಲ್ಲೆ ಎಂತದೂ ಇಲ್ಲೆ."

ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗೆ ಬೆಂದ ಹಾಗೆ ಸುಲಿದಿತ್ತು. ಕೆಳಗೆ, ಪಾದದ ಕಡೆಗೆ, ಅಂಗಿಯ ಗುಂಡಿಯಷ್ಟು ಅಗಲದ ತೂತು. ಅಂಚು ಕಪ್ಪು. ನಾನು ಬೆರಳಿನಿಂದ ಅದರ ಪಕ್ಕ ಒತ್ತಿದೆ. ಅವರು ಪೇಪರಿನಿಂದ ಕಣ್ಣು ತೆಗೆಯಲಿಲ್ಲ. ನೋವಿಲ್ಲ ಅಂದದ್ದು ಸುಳ್ಳಾಗಿರಲಿಲ್ಲ.

ಅಪ್ಪಯ್ಯನಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗುತ್ತಾರೆ, ಚಾಕ್ಕೆ ಸಕ್ಕರೆ ಬಿಟ್ಟಿದ್ದಾರೆ, ನಮ್ಮೆಲ್ಲರ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದದ ನರಗಳು ಮಂದವಾಗುತ್ತವೆ, ಮುಳ್ಳು ಚುಚ್ಚಿದರೂ ಬೂಟು ಉಜ್ಜಿದರೂ ಸುದ್ದಿ ಮೇಲೆ ಮುಟ್ಟುವುದಿಲ್ಲ ಅಂತ ನಾನು ಎಲ್ಲೋ ಓದಿದ್ದೆ ಕೂಡ. ಓದಿದ್ದನ್ನು ಅಪ್ಪಯ್ಯನ ಕಾಲಿಗೆ ಜೋಡಿಸಿ ನೋಡಿರಲಿಲ್ಲ. ಮೂವತ್ತು ಮಳೆಗಾಲ ಅದೇ ಕೆಲಸ, ಅದೇ ಥರದ ಬೂಟು, ಆಗ ಬಾರದ್ದು ಈಗ ಯಾಕೆ ಬಂತು ಅಂತ ಅಮ್ಮ ಕೇಳಿದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಒಂದು ಕಾರಣ, ವಯಸ್ಸು ಇನ್ನೊಂದು. ಮೂರು ಮಳೆಗಾಲದಿಂದ ಒಣಗದ ಬೂಟು ಮತ್ತೊಂದು. ಗೀಸರಿನ ಟ್ಯಾಂಕಿನ ಸುತ್ತ ಬಿಸಿ ಹೊರಗೆ ಹೋಗದ ಹಾಗೆ ದಪ್ಪ ಫೋಮು ತುಂಬಿರುತ್ತಾರೆ. ಒಳಗೆ ನೀರು ಕುದಿಯುವಷ್ಟು ಬಿಸಿಯಿದ್ದರೂ ಹೊರಮೈ ತಣ್ಣಗೆ. ಕೊಂಡಾಗ ಸ್ಟಾರ್ ಲೆಕ್ಕ ಹಾಕಿ ಅದಕ್ಕೇ ಹೆಚ್ಚು ದುಡ್ಡು ಕೊಟ್ಟಿದ್ದೆ. ಹಂಡೆ ಒಲೆ ಬಿಸಿಯ ಅರ್ಧಕ್ಕರ್ಧವನ್ನು ಸುಮ್ಮನೆ ಹೊರಗೆ ಚೆಲ್ಲುತ್ತಿತ್ತು. ಆ ದಂಡವಾದ ಬಿಸಿಯಲ್ಲೇ ನಮ್ಮ ಮನೆ ನಾಲ್ಕು ತಿಂಗಳು ಒಣಗುತ್ತಿದ್ದದ್ದು.

ಪಕ್ಕದ ಮನೆಯವರ ಓಮ್ನಿಯಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋದೆವು. ಅಪ್ಪಯ್ಯನ ಕಾಲಿಗೆ ಪ್ಲಾಸ್ಟಿಕ್ ಕವರ್, ನನ್ನ ಕಾಲಿಗೆ ಅಮ್ಮನ ಹವಾಯಿ ಚಪ್ಪಲಿ. ಡಾಕ್ಟರು ಪೆನ್ನಿನಂಥ ಹಿಡಿಗೆ ಸಿಕ್ಕಿಸಿದ ಒಂದು ನೈಲಾನ್ ಎಳೆ ತೆಗೆದರು. ಕಣ್ಣು ಮುಚ್ಚಿಸಿ, "ಮುಟ್ಟಿದ್ದು ಗೊತ್ತಾದಾಗ ಹಾಂ ಅನ್ನಿ" ಅಂತ ಎಡಪಾದದ ಹತ್ತು ಕಡೆ ಆ ಎಳೆಯ ತುದಿಯನ್ನು ಬಾಗುವಷ್ಟು ಒತ್ತಿದರು. ನಾನು ಎಣಿಸುತ್ತಿದ್ದೆ. ಅಪ್ಪಯ್ಯ ನಾಲ್ಕು ಸಲ ಹಾಂ ಅಂದರು. ಉಳಿದ ಆರು ಸಲ ಕಣ್ಣು ಮುಚ್ಚಿಕೊಂಡು, ಇನ್ನೂ ಶುರುವಾಗಿಲ್ಲವೇನೋ ಅನ್ನುವ ಹಾಗೆ ಕಾಯುತ್ತಿದ್ದರು. ಅರ್ಧ ಕಿಲೋಮೀಟರ್ ಆಚೆಯ ಟ್ರಾನ್ಸ್‌ಫಾರ್ಮರಿನ ಸದ್ದು ಗುರುತಿಸುವ ಮನುಷ್ಯ.

ಎಕ್ಸ್‌ರೇ ತೆಗೆದರು. ಮೂಳೆಗೆ ಹೋಗಿಲ್ಲ. ಸತ್ತ ಚರ್ಮ ಕತ್ತರಿಸಿ ತೊಳೆದು ಬ್ಯಾಂಡೇಜು ಹಾಕಿದರು. ಜ್ವರ ಬಂದಿತ್ತಾ ಅಂತ ಎರಡು ಸಲ ಕೇಳಿದರು, ಗದ್ದೆ ನೀರು ಮತ್ತು ತೆರೆದ ಗಾಯ ಅಂದರೆ ಇಲಿಜ್ವರದ ಹೆದರಿಕೆ ನಮ್ಮ ಕಡೆ ಇದ್ದೇ ಇದೆ. ಆಮೇಲೆ ಪಟ್ಟಿ ಹೇಳಿದರು: ಎರಡು ದಿನಕ್ಕೊಮ್ಮೆ ಡ್ರೆಸ್ಸಿಂಗ್, ಆ ಕಾಲಿನ ಮೇಲೆ ಭಾರ ಹಾಕಬಾರದು, ಮಾಯುವವರೆಗೆ ಗದ್ದೆ ಇಲ್ಲ, ಗಮ್ ಬೂಟು ಇಲ್ಲ, ದಿನಾ ರಾತ್ರಿ ಎರಡೂ ಪಾದ, ಬೆರಳ ಸಂದಿ ಸಹಿತ ಇನ್ನೊಬ್ಬರು ನೋಡಬೇಕು. ಒಲೆಯ ಮುಂದೆ ಕೂತು ಕಾಲು ಕಾಯಿಸಲೇಬಾರದು, ಬಿಸಿ ಹೊಯ್ಗೆಯ ಶಾಖವೂ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಕೊನೆಗೆ, "ಮುಖ್ಯವಾಗಿ ಕಾಲು ಒಣಗಿಕೊಂಡಿರ್ಲಿ" ಅಂದರು. ಕಿಟಕಿಯ ಹೊರಗೆ ಶಾಸ್ತ್ರಿ ಸರ್ಕಲ್ ಕಡೆಯ ರಸ್ತೆ ಹೊಳೆಯಾಗಿತ್ತು. ಡಾಕ್ಟರೂ ಒಮ್ಮೆ ಆ ಕಡೆ ನೋಡಿದರು.

ಒದ್ದೆ ಬೂಟು ಸೈನ್ಯಗಳನ್ನೇ ಕೆಡವಿದೆ. ಮೊದಲ ಮಹಾಯುದ್ಧದಲ್ಲಿ, 1914–15ರ ಚಳಿಗಾಲದಲ್ಲಿ, ಕಂದಕದ ಕೆಸರಿನಲ್ಲಿ ದಿನಗಟ್ಟಲೆ ನಿಂತ ಸಾವಿರಾರು ಸೈನಿಕರ ಕಾಲು ಕೊಳೆತು ಟ್ರೆಂಚ್ ಫೂಟ್ ಅನ್ನುವ ಹೆಸರೇ ಹುಟ್ಟಿಕೊಂಡಿತು. ಬ್ರಿಟಿಷ್ ಸೈನ್ಯ ಆಮೇಲೆ ತಿಮಿಂಗಿಲದ ಎಣ್ಣೆ ಹಚ್ಚಿಸಿತು, ಒಣ ಸಾಕ್ಸ್ ಬದಲಿಸುವುದನ್ನು ಕಡ್ಡಾಯ ಮಾಡಿತು. ಇದನ್ನು ಅವತ್ತು ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಓದಿದ್ದು. ಹಿಂದಿನ ರಾತ್ರಿ ಅದೇ ಮೊಬೈಲಿನಲ್ಲಿ ಚರ್ಮಕ್ಕೆ ಎಷ್ಟು ಡಿಗ್ರಿ ಬಿಸಿ ತಡೆಯುತ್ತದೆ ಅಂತ ನೋಡುತ್ತಿದ್ದೆ.

ಸೋಮವಾರದ ಮೀಟಿಂಗಿಗೆ ಅಟ್ಟದ ಕಿಟಕಿಯಿಂದ ಫೋನಿನಲ್ಲಿ ಸೇರಿಕೊಂಡೆ, ನೆಟ್‌ವರ್ಕ್ ಅಲ್ಲಿ ಮಾತ್ರ ಸಿಗುವುದು. ಬುಧವಾರದವರೆಗೆ ಉಳಿದೆ. ಬೂಟಿನ ಒಳಮೈ ಶನಿವಾರ ಸಂಜೆಗೇ ಒಣಗಿದಂತೆ ಕಂಡಿತ್ತು, ಕೈ ಹಾಕಿದರೆ ಬೆಚ್ಚಗೆ. ಅಮ್ಮ ಒಪ್ಪಲಿಲ್ಲ. ಒಣ ಪೇಪರಿನ ಒಂದು ಹಾಳೆಯನ್ನು ತುದಿಗೆ ತುರುಕಿ ಒಂದು ಗಂಟೆ ಬಿಟ್ಟು ತೆಗೆದು ಕಿವಿಯ ಹತ್ತಿರ ಮುದುಡಿದಳು. ಹಪ್ಪಳದ ಥರ ಪರಪರ ಅನ್ನಬೇಕಂತೆ. ಅದು ಬಾಳೆ ಎಲೆಯ ಹಾಗೆ ಸುಮ್ಮನಿತ್ತು. ಭಾನುವಾರ ಮಧ್ಯಾಹ್ನ ಪರಪರ ಅಂತು. ಅಂದರೆ ಒಲೆ ಹಚ್ಚಿದ ಮೇಲೆ ಸುಮಾರು ಒಂದೂಕಾಲು ದಿನ. ದಪ್ಪ ಚರ್ಮದ ಬೂಟಿಗೆ ನಮ್ಮೂರ ಆಸಾಡಿಯಲ್ಲಿ ಬೇಗ ಅಂದರೆ ಇಷ್ಟೇ. ಒಂದು ರಾತ್ರಿಯಲ್ಲಿ ಒಣಗುತ್ತಿದ್ದದ್ದು ಗಮ್ ಬೂಟು, ಅದಕ್ಕೆ ಒಳಗಿನ ತೆಳು ಬಟ್ಟೆ ಮಾತ್ರ ಒಣಗಿದರೆ ಸಾಕಲ್ಲ. ನಾನು ತಡೆಯುವಷ್ಟರಲ್ಲಿ ಅಮ್ಮ ಎಡಗಾಲಿನದಕ್ಕೆ ತೆಂಗಿನೆಣ್ಣೆ ಉಜ್ಜಿಯಾಗಿತ್ತು. ಹಾಗಾಗಿ ಈಗ ನನ್ನ ಎಡ ಬೂಟು ಬಲ ಬೂಟಿಗಿಂತ ಒಂದು ಬಣ್ಣ ಹೆಚ್ಚು ಕಪ್ಪು, ಎರಡಕ್ಕೂ ಹೊಗೆಯ ವಾಸನೆ.

ಬುಧವಾರ ಬೆಳಿಗ್ಗೆ ರೈನ್ ಪ್ಯಾಂಟನ್ನು ಬೂಟಿನ ಹೊರಗೆ ಇಳಿಬಿಟ್ಟು, ಕೆಳಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಹೊರಟೆ. ಬೆಂಗಳೂರಿನವರೆಗೂ ಸಾಕ್ಸ್ ಒಣಗಿಯೇ ಇತ್ತು.

ಗಾಯ ಮುಚ್ಚಲು ಏಳು ವಾರ ಹಿಡಿಯಿತು. ಅಷ್ಟು ದಿನ ಅಪ್ಪಯ್ಯನನ್ನು ಕೂರಿಸಿಡುವುದು ಅಮ್ಮನಿಗೆ ಗಾಯಕ್ಕಿಂತ ದೊಡ್ಡ ಕಷ್ಟ. ದಿನಾ ರಾತ್ರಿ ಟಾರ್ಚ್ ಹಿಡಿದು ಅವಳು ಬೆರಳ ಸಂದಿ ನೋಡುತ್ತಾಳೆ, ಅವರು ಕಚಗುಳಿ ಅಂತ ಬೈಯುತ್ತಾರೆ. ಕಚಗುಳಿ ಆಗುವುದು ಬಲಗಾಲಿಗೆ ಮಾತ್ರ. ಹೊಸ ಗಮ್ ಬೂಟು ಎರಡು ಜೊತೆ ತಂದಿಟ್ಟಿದ್ದೇವೆ, ದಿನ ಬಿಟ್ಟು ದಿನ ಹಾಕಲು. ಮತ್ತೆ ಹೊಗೆ ಕುಡಿಯುವುದು ಬೇಡ ಅಂತ ಅಮ್ಮನಿಗೆ ನಾನು ಹೇಳಿದ್ದನ್ನು ಅಪ್ಪಯ್ಯ ಕೇಳಿಸಿಕೊಂಡಿರಬೇಕು. ಕೂತಲ್ಲೇ ಒಂದು ಪೆಟ್ಟಿಗೆ ಮಾಡಿದ್ದಾರೆ. ಹಳೇ ಪ್ಲೈವುಡ್, ಅಡಿಯಲ್ಲಿ ಗಾಳಿ ಬರಲು ಸಾಲಾಗಿ ತೂತು, ಒಳಗೆ ಒಂದು 60 ವ್ಯಾಟಿನ ಹಳೇ ಥರದ ಬಲ್ಬು, ಬೂಟು ಬಲ್ಬಿಗೆ ತಾಗದ ಹಾಗೆ ನಡುವೆ ಕಬ್ಬಿಣದ ಬಲೆ, ಮೇಲೆ ಬಿಸಿ ಹೋಗಲು ಇನ್ನೊಂದು ಸಾಲು ತೂತು. ಬಲ್ಬು ಹುಡುಕಲು ಬೈಂದೂರಿನಲ್ಲಿ ಮೂರು ಅಂಗಡಿ ತಿರುಗಿದರಂತೆ, ಈಗ ಎಲ್ಲ ಕಡೆ ಎಲ್ಇಡಿ, ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ.

ಮೊನ್ನೆ ವಿಡಿಯೋ ಕಾಲ್ ಮಾಡಿ ತೋರಿಸಿದರು. ತೂತುಗಳಿಂದ ಹಳದಿ ಬೆಳಕು, ಒಳಗೆ ಎರಡು ಗಮ್ ಬೂಟು ಗುಡಿಯ ದೇವರ ಹಾಗೆ ಕೂತಿದ್ದವು. "ಕಾಣ್, ಕೈ ಇಟ್ರೆ ನೂರ್ ಎಣಿಸ್ಲಕ್ಕ್" ಅನ್ನುತ್ತಿದ್ದರು, ಅಷ್ಟರಲ್ಲಿ ಪರದೆ ಕಪ್ಪಾಯಿತು. ಕಾಲ್ ಕಟ್ಟಾಯಿತೇನೋ ಅಂದುಕೊಂಡೆ. ಇಲ್ಲ, ಮಳೆಯ ಸದ್ದು ಕೇಳುತ್ತಿತ್ತು.

"ಇದ್ ಫ್ಯೂಸಲ್ಲ" ಅಂದರು ಅಪ್ಪಯ್ಯ ಕತ್ತಲಲ್ಲಿ. "ಮರ ಬಿದ್ದದ್ದ್."

ಹಿಂದೆ, ಬಚ್ಚಲಿನ ಕಡೆಯಿಂದ, ಅಮ್ಮ ಮಡಲು ಮುರಿಯುವ ಸದ್ದು.